‘ನಾರ್ಮಲ್’ ಎಂಬ ವರದಿಯನ್ನು ನಂಬಿ ಕುಳಿತ ನಮ್ಮ ಮನೆಯ ಅನುಭವ

ನಮ್ಮ ತಾಯಿ ಅಂಡಾಶಯದ ಕ್ಯಾನ್ಸರ್‌ನಿಂದಲೂ ಚಿಕ್ಕಮ್ಮ ಸ್ತನ ಕ್ಯಾನ್ಸರ್‌ನಿಂದಲೂ ತೀರಿಕೊಂಡಿದ್ದರಿಂದ, ಅಕ್ಕ ನಲವತ್ತು ದಾಟಿದ ಮೇಲೆ ವರ್ಷಕ್ಕೊಮ್ಮೆ ತಪ್ಪದೆ ಖಾಸಗಿ ಆಸ್ಪತ್ರೆಯೊಂದರಲ್ಲಿ ಸಿಎ-125 (ಅಂಡಾಶಯದ ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಏರಬಹುದಾದ ಒಂದು ಪ್ರೋಟೀನ್) ರಕ್ತಪರೀಕ್ಷೆಯನ್ನೂ ಸ್ಕ್ಯಾನನ್ನೂ ಮಾಡಿಸುತ್ತಿದ್ದಳು. ಕೊನೆಯ ವರದಿಯಲ್ಲಿ ಅಂಕಿ 19 ಇತ್ತು. 35ರೊಳಗಿದ್ದರೆ ಚಿಂತೆಯಿಲ್ಲ ಎಂದರು, ನಾವೂ ನಂಬಿದೆವು. ಏಳು ತಿಂಗಳ ನಂತರ, ಲಂಗದ ಲಾಡಿ ಗಂಟು ಹಾಕಲು ಸಾಲುತ್ತಿಲ್ಲ, ಅರ್ಧ ಮುದ್ದೆಗೇ ಹೊಟ್ಟೆ ತುಂಬಿಬಿಡುತ್ತದೆ ಎಂದು ಅವಳು ಹೇಳತೊಡಗಿದಳು. ವರದಿ ಸರಿಯಿದೆಯಲ್ಲ ಎಂಬ ಧೈರ್ಯದಲ್ಲಿ ಒಂದೂವರೆ ತಿಂಗಳು ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ್ದಾಯಿತು. ಹೊಟ್ಟೆಯಲ್ಲಿ ನೀರು ತುಂಬಿದೆಯೆಂದು ತಿಳಿಯುವ ಹೊತ್ತಿಗೆ ರೋಗ ಮೂರನೆಯ ಹಂತದಲ್ಲಿತ್ತು. ಅವಳು ಈಗಿಲ್ಲ.

ಆರಂಭದ ಹಂತದ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಸಿಎ-125 ಏರುವುದೇ ಇಲ್ಲವೆಂಬುದನ್ನೂ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ತೊಂದರೆ), ಫೈಬ್ರಾಯ್ಡ್ (ಗರ್ಭಕೋಶದ ಕ್ಯಾನ್ಸರ್ ಅಲ್ಲದ ಗಡ್ಡೆ), ಹೊಟ್ಟೆಯ ಕ್ಷಯಗಳಲ್ಲಿ ಅದು ಕ್ಯಾನ್ಸರ್ ಇಲ್ಲದೆಯೂ ಏರುತ್ತದೆಂಬುದನ್ನೂ ನಮಗೆ ಯಾರೂ ಹೇಳಿರಲಿಲ್ಲ. ಬ್ರಿಟನ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸಾಮಾನ್ಯ ಮಹಿಳೆಯರ ಮೇಲೆ ನಡೆದ ಅಧ್ಯಯನದ 2021ರ ಫಲಿತಾಂಶದಂತೆ, ಇಂಥ ತಪಾಸಣೆಯಿಂದ ಸಾವುಗಳು ಕಡಿಮೆಯಾಗಲಿಲ್ಲ. ವಂಶದಲ್ಲಿ ರೋಗವಿರುವವರಲ್ಲಿಯೂ ಅದು ಜೀವ ಉಳಿಸುತ್ತದೆಂದು ಸಾಬೀತಾಗಿಲ್ಲ.

ನನಗೆ ಇಂದಿಗೂ ಸಹಿಸಲಾಗದ ಸಂಗತಿ ಬೇರೆ. ಅಷ್ಟು ವರ್ಷ ಹಣ ಕಟ್ಟಿಸಿಕೊಂಡವರಲ್ಲಿ ಒಬ್ಬರಾದರೂ ‘ತಾಯಿಗೆ ಏನಾಗಿತ್ತು, ವಂಶವಾಹಿ ಪರೀಕ್ಷೆ ಮಾಡಿಸಿದ್ದೀರಾ’ ಎಂದು ಕೇಳಲಿಲ್ಲ. ಅಕ್ಕನ ಚಿಕಿತ್ಸೆಯ ವೇಳೆ ಬೇರೊಂದು ಆಸ್ಪತ್ರೆಯ ವೈದ್ಯೆ ಕೇಳಿದರು. ಪರೀಕ್ಷಿಸಿದಾಗ ಬಿಆರ್‌ಸಿಎ1 ಎಂಬ ವಂಶವಾಹಿಯಲ್ಲಿ ದೋಷ ಸಿಕ್ಕಿತು, ನನ್ನಲ್ಲಿಯೂ ಅದೇ ಇತ್ತು. ಈ ದೋಷವುಳ್ಳವರಲ್ಲಿ ಜೀವಮಾನದಲ್ಲಿ ನೂರಕ್ಕೆ ನಲವತ್ತರಷ್ಟು ಅಥವಾ ಅದಕ್ಕೂ ಹೆಚ್ಚು ಮಂದಿಗೆ ಅಂಡಾಶಯದ ಕ್ಯಾನ್ಸರ್ ಬರಬಹುದು. ಆದ್ದರಿಂದ ಹೆರಿಗೆಗಳು ಮುಗಿದ ಮೇಲೆ, ಸಾಮಾನ್ಯವಾಗಿ 35ರಿಂದ 40ರ ವಯಸ್ಸಿನೊಳಗೆ, ಅಂಡಾಶಯವನ್ನೂ ಅಂಡನಾಳವನ್ನೂ ತೆಗೆಸಲು ಸಲಹೆ ನೀಡುತ್ತಾರೆ. ನಾನು ತೆಗೆಸಿಕೊಂಡೆ. ಮುಟ್ಟು ಒಮ್ಮೆಲೇ ನಿಂತ ಕಷ್ಟ ಸಣ್ಣದಲ್ಲ, ಆದರೂ ಆ ಆಯ್ಕೆ ಅಕ್ಕನಿಗೆ ಸಿಗಲೇ ಇಲ್ಲ.

ನಿಮ್ಮ ವಂಶದಲ್ಲಿ ಇಂಥ ರೋಗವಿದ್ದರೆ ಪ್ಯಾಕೇಜ್ ತಪಾಸಣೆಗೆ ತೃಪ್ತರಾಗದೆ ವಂಶವಾಹಿ ಸಲಹೆಗಾರರನ್ನು ಕಾಣಿರಿ. ಸಾಧ್ಯವಿದ್ದರೆ ರೋಗ ಬಂದವರ ರಕ್ತವನ್ನೇ ಮೊದಲು ಪರೀಕ್ಷಿಸಲಿ. ತಂದೆಯ ಕಡೆಯ ಅತ್ತೆ, ಅಜ್ಜಿಯರ ವಿಷಯವನ್ನೂ ಹೇಳಿರಿ, ಏಕೆಂದರೆ ಈ ದೋಷ ತಂದೆಯಿಂದಲೂ ಬರುತ್ತದೆ. ಹೊಟ್ಟೆಯುಬ್ಬರ ವಾರಗಟ್ಟಲೆ ಇಳಿಯದಿದ್ದರೆ ಹಳೆಯ ವರದಿಯನ್ನು ನೆಚ್ಚಬೇಡಿರಿ.

ಅಕ್ಕನ ಮಗಳಿಗೆ ಈಗ 26. ಬರುವ ವಾರ ಅವಳನ್ನು ಸಲಹೆಗಾರರ ಬಳಿಗೆ ಕರೆದೊಯ್ಯುತ್ತಿದ್ದೇನೆ.