ಆಂಪ್ಲಿಫೈಯರ್ ವೈರಿಂಗ್ ಕಿಟ್: ಬಳ್ಳಾರಿಯ ಬೇಸಿಗೆ ಕಂಡ ಮೇಲಿನ ಅಭಿಪ್ರಾಯ

ಕಾರಿನ ಡಿಕ್ಕಿಯಲ್ಲಿ ಕೂರಿಸಿದ, ಸ್ಟೀರಿಯೋದ ಸದ್ದನ್ನು ಜೋರು ಮಾಡುವ ಆಂಪ್ಲಿಫೈಯರಿಗೆ ಬ್ಯಾಟರಿಯಿಂದಲೇ ನೇರವಾಗಿ ಕರೆಂಟು ಒಯ್ಯಲು ಆನ್‌ಲೈನಿನಲ್ಲಿ ಸಿಗುವ 8 ಗೇಜಿನ (ಅಂದರೆ ಸುಮಾರು 8.4 ಚದರ ಮಿಲಿಮೀಟರ್ ದಪ್ಪದ ಕೇಬಲಿನ) ವೈರಿಂಗ್ ಕಿಟ್ಟನ್ನು ನಾನು ಆರಿಸಿಕೊಂಡದ್ದು ಅದರ ಬೆಲೆ ಸಾವಿರ ರೂಪಾಯಿಯ ಒಳಗಿತ್ತೆಂಬ ಕಾರಣಕ್ಕೆ. ಬಳ್ಳಾರಿಯಿಂದ ತೋರಣಗಲ್ಲಿಗೆ ದಿನವೂ ಕೆಲಸಕ್ಕೆ ಹೋಗಿಬರುವ ನನಗೆ ದಾರಿಯುದ್ದಕ್ಕೂ ಹಾಡು ಬೇಕು, ಕೈಗೆಲಸವೂ ಇಷ್ಟ.

ಜೋಡಣೆಯ ಕೆಲಸ ನಿಜಕ್ಕೂ ಖುಷಿ ಕೊಟ್ಟಿತು. ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಎಂಜಿನ್ ಕೋಣೆಯಿಂದ ಒಳಬರುವ ರಬ್ಬರ್ ಬುಷ್‌ನ ಮೂಲಕವೇ ಕೇಬಲ್ ತೂರಿಸಿ, ಎಡಗಡೆಯ ಬಾಗಿಲುಗಳ ಕೆಳಪಟ್ಟಿಯ ಅಡಿಯಲ್ಲಿ ಹಿಂದಕ್ಕೆ ಒಯ್ದೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಕುಂಯ್‌ಗುಟ್ಟುವ ಸದ್ದು ಸ್ಪೀಕರಿಗೆ ಬರಬಾರದೆಂದು ಆಡಿಯೋ ಕೇಬಲ್ಲನ್ನು ಬಲಗಡೆಯಿಂದ ಎಳೆದೆ. ಅರ್ಥಿಂಗ್‌ಗಾಗಿ ಡಿಕ್ಕಿಯ ನೆಲದ ಬೋಲ್ಟಿನ ಸುತ್ತಲಿನ ಬಣ್ಣವನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಲಗ್ (ವೈರಿನ ತುದಿಯ ಲೋಹದ ಬಳೆ) ಬಿಗಿದ ಮೇಲೆ ಸುತ್ತ ಗ್ರೀಸ್ ಸವರಿದೆ. ಸ್ಟೀರಿಯೋದ ಹಿಂದಿನ ನೀಲಿ ವೈರು ಆಂಪ್ಲಿಫೈಯರಿಗೆ ಆನ್ ಆಗುವ ಸೂಚನೆ ಕೊಡುತ್ತದೆ. ಅದಕ್ಕೆ ಕಿಟ್ಟಿನ ಸಣ್ಣ ವೈರು ಸಾಕಾಯಿತು. ಆ ಸಂಜೆ ಡೊಳ್ಳಿನ ಪೆಟ್ಟು ಎದೆಗೆ ತಾಗುವಂತೆ ಬಂತು, ಹೆಡ್‌ಲೈಟ್ ಒಮ್ಮೆಯೂ ಮಂಕಾಗಲಿಲ್ಲ.

ಅಂದಿನಿಂದ ಭಾನುವಾರ ಬೆಳಗ್ಗೆ ಬಾನೆಟ್ ಎತ್ತಿ, ಅದಿರಿನ ಕೆಂಪು ದೂಳನ್ನು ಒಣ ಬ್ರಷ್‌ನಿಂದ ಉದುರಿಸಿ, ಪ್ರತಿ ಸ್ಕ್ರೂವನ್ನೂ ಮುಟ್ಟಿ ನೋಡುವುದು ರೂಢಿಯಾಯಿತು. ಏಪ್ರಿಲ್ ಬಂದಾಗ, ಕೇಬಲಿನ ನಡುವೆ ಫ್ಯೂಸನ್ನು ಹಿಡಿದಿಡುವ ಕಿಟ್ಟಿನ ಫ್ಯೂಸ್ ಹೋಲ್ಡರಿನ ಒಂದು ಸ್ಕ್ರೂ ಪ್ರತಿ ವಾರವೂ ಕಾಲು ಸುತ್ತು ಸಡಿಲವಾಗಿರುತ್ತಿತ್ತು. ಬಿಗಿ ಮಾಡಿದಷ್ಟೂ ಅದು ಮತ್ತೆ ಸಡಿಲವಾಗುತ್ತಿತ್ತು. ಮೇ ತಿಂಗಳಲ್ಲಿ ಹೋಲ್ಡರಿನ ಪಾರದರ್ಶಕ ಮುಚ್ಚಳ ಕಂದಿ, ಒಂದು ಮೂಲೆಯಲ್ಲಿ ಮೆತ್ತಗಾಗಿ ಸೊಟ್ಟಗಾಯಿತು. ಒಳಗಿನ 30 ಆಂಪಿಯರ್ ಫ್ಯೂಸು ಮಾತ್ರ ಸುಟ್ಟಿರಲಿಲ್ಲ, ಮತ್ತು ಈ ಕಿಟ್ಟಿನ ಬಗ್ಗೆ ನನಗಿರುವ ದೊಡ್ಡ ಸಿಟ್ಟು ಇಲ್ಲಿಯದೇ: ಫ್ಯೂಸು ಹೆಚ್ಚಿನ ಕರೆಂಟನ್ನು ತಡೆಯುತ್ತದೆಯೇ ಹೊರತು ಸಡಿಲ ಜೋಡಣೆಯ ಬಿಸಿಯನ್ನು ತಡೆಯುವುದಿಲ್ಲ. ಜೋರಾಗಿ ಹಾಡು ಹಾಕಿ ಹೋಲ್ಡರಿನ ಎರಡೂ ತುದಿಗೆ ಮಲ್ಟಿಮೀಟರ್ ಹಿಡಿದಾಗ 0.3 ವೋಲ್ಟ್ ಅಲ್ಲೇ ಕಳೆದುಹೋಗುತ್ತಿತ್ತು. 20 ಆಂಪಿಯರ್ ಹರಿಯುವಾಗ ಅದು 6 ವಾಟ್ ಶಾಖ. ನೆರಳಿನಲ್ಲೇ 40 ಡಿಗ್ರಿ ದಾಟುವ ನಮ್ಮೂರಿನಲ್ಲಿ, ಕಾದ ಎಂಜಿನ್ನಿನ ಪಕ್ಕದ ಪ್ಲಾಸ್ಟಿಕ್ಕಿಗೆ ಅದು ಸಣ್ಣ ಹೊರೆಯಲ್ಲ.

ಕೇಬಲಿನ ತುದಿ ಸುಲಿದು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಕಾರಣ ತಿಳಿಯಿತು. ಮೇಲೆ ತಾಮ್ರದ ತೆಳು ಲೇಪ, ಒಳಗೆ ಬಿಳಿ ಅಲ್ಯೂಮಿನಿಯಂ. ಅಷ್ಟೇ ದಪ್ಪದ ತಾಮ್ರಕ್ಕೆ ಹೋಲಿಸಿದರೆ ಇದರ ವಾಹಕತೆ ಸುಮಾರು ಮೂರನೇ ಎರಡು ಭಾಗ ಮಾತ್ರ. ಅದಕ್ಕಿಂತ ಮುಖ್ಯವಾಗಿ, ಸ್ಕ್ರೂವಿನ ಒತ್ತಡಕ್ಕೆ ಸಿಕ್ಕ ಅಲ್ಯೂಮಿನಿಯಂ ಬಿಸಿಗೆ ಮೆಲ್ಲಗೆ ಚಪ್ಪಟೆಯಾಗುತ್ತ ಹೋಗುವುದರಿಂದ ಹಿಡಿತ ತಪ್ಪುತ್ತದೆ. ಪೆಟ್ಟಿಗೆಯ ಮೇಲೆ ಇದನ್ನು ಎಲ್ಲೂ ಬರೆದಿರಲಿಲ್ಲ. ಗ್ರಾಹಕರಿಂದ ಇಂಥ ವಿಷಯ ಮುಚ್ಚಿಡುವುದು ಅಪಾಯಕಾರಿ.

ಈಗ ಪೂರ್ತಿ ತಾಮ್ರದ, ಅಳತೆಯಲ್ಲಿ ನಿಜವಾಗಿ 8.4 ಚದರ ಮಿಲಿಮೀಟರ್ ಇರುವ ಕೇಬಲ್ ಹಾಕಿ, ತುದಿಗಳಿಗೆ ಲಗ್ ಕ್ರಿಂಪ್ ಮಾಡಿಸಿ (ಒತ್ತಿ ಕಚ್ಚಿಸಿ), ಬೋಲ್ಟಿನಿಂದ ಬಿಗಿಯುವ ಗಟ್ಟಿ ಹೋಲ್ಡರನ್ನು ಬ್ಯಾಟರಿಯಿಂದ ಒಂದು ಗೇಣಿನ ದೂರದಲ್ಲಿ ಕೂರಿಸಿದ್ದೇನೆ. ಖರ್ಚು ಕಿಟ್ಟಿನ ಎರಡರಷ್ಟಕ್ಕಿಂತ ಹೆಚ್ಚಾಯಿತು. ಕಿಟ್ಟಿನ ಆಡಿಯೋ ಕೇಬಲ್ ಮತ್ತು ಸಣ್ಣ ವೈರು ಇಂದಿಗೂ ಚೆನ್ನಾಗಿವೆ, ಅವುಗಳ ಬಗ್ಗೆ ದೂರಿಲ್ಲ. ಸಣ್ಣ ಆಂಪ್ಲಿಫೈಯರ್ ಇಟ್ಟುಕೊಂಡು ಮೆಲ್ಲಗೆ ಹಾಡು ಕೇಳುವವರಿಗೆ ಈ ಕಿಟ್ಟು ನಡೆದೀತು, ಆದರೆ ಹೋಲ್ಡರನ್ನು ಮೊದಲ ದಿನವೇ ಬದಲಿಸಬೇಕು. ಜೋರಾಗಿ ಕೇಳುವವರು, ಅದರಲ್ಲೂ ನಮ್ಮ ಭಾಗದವರು, ಇದನ್ನು ಕೊಳ್ಳಬಾರದು.