ತೀರ್ಥಹಳ್ಳಿಯ ಜೆರಾಕ್ಸ್ ಅಂಗಡಿಯಲ್ಲಿ ನಮ್ಮ ಆಪ್ಷನ್ ಎಂಟ್ರಿ

ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಿಂದ ಐದು ನಿಮಿಷ ನಡೆದರೆ ಒಂದು ಓಣಿಯಲ್ಲಿ ಈ ಅಂಗಡಿ ಇದೆ. ಬೋರ್ಡಿನಲ್ಲಿ ಅಂಗಡಿಯ ಹೆಸರಿಲ್ಲ. ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ ಅಂತ ಮಾತ್ರ ಬರೆದಿದೆ. ನಡೆಸುವವರು ಒಬ್ಬ ಹೆಂಗಸು. ಕಾಲೇಜು ಮಕ್ಕಳೆಲ್ಲ ಅಕ್ಕಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಮಗಳ ಸಿಇಟಿ (ಇಂಜಿನಿಯರಿಂಗ್ ಮುಂತಾದ ಕೋರ್ಸುಗಳ ಪ್ರವೇಶ ಪರೀಕ್ಷೆ) ಅರ್ಜಿಯಿಂದ ಹಿಡಿದು ಸೀಟು ಸಿಗುವವರೆಗೆ ನಾವು ಇಲ್ಲಿಗೆ ಆರೇಳು ಸಲ ಹೋಗಿದ್ದೇವೆ. ಮನೆಯಲ್ಲಿ ಸೆಕೆಂಡ್ ಪಿಯುಸಿ ಮಕ್ಕಳಿರುವವರಿಗೆ ಅನುಕೂಲ ಆಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆ ಆಗುಂಬೆ ಕಡೆ. ಫೋನಿಗೆ ಸಿಗ್ನಲ್ ಬೇಕಾದರೆ ತೋಟದ ಮೇಲಿನ ದರೆ ಹತ್ತಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು-ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಆನ್‌ಲೈನಲ್ಲಿ ತುಂಬುವುದು, ಬರುವುದೂ ಅದೇ ಹೊತ್ತಿಗೆ. ಅಡಿಕೆಗೆ ಔಷಧಿ ಹೊಡೆಯುವ ಗಡಿಬಿಡಿಯೂ ಆಗಲೇ. ಹಾಗಾಗಿ ಮನೆಯಲ್ಲೇ ಕೂತು ಮಾಡುವ ಮಾತೇ ಇರಲಿಲ್ಲ.

ಮೊದಲ ಸಲ ಅರ್ಜಿ ಹಾಕಲು ಹೋದಾಗ ಅಕ್ಕ ನಮ್ಮನ್ನು ವಾಪಸ್ ಕಳಿಸಿದರು. "ರೂರಲ್ ಸರ್ಟಿಫಿಕೇಟ್ ಎಲ್ಲಿ?" ಅಂತ ಕೇಳಿದರು. ನಮಗೆ ಅದರ ಬಗ್ಗೆ ಗೊತ್ತೇ ಇರಲಿಲ್ಲ. ನಮ್ಮ ಹುಡುಗಿ ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲೇ, ಕನ್ನಡ ಮೀಡಿಯಂನಲ್ಲೇ ಓದಿದವಳು. ಸಿಇಟಿ ಸೀಟುಗಳಲ್ಲಿ ಹಾಗೆ ಪೂರ್ತಿ ಹತ್ತು ವರ್ಷ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಕನ್ನಡ ಮೀಡಿಯಂನವರಿಗೆ ಶೇ 5 ಮೀಸಲು. ಆ ಸರ್ಟಿಫಿಕೇಟಿಗೆ ಹೆಡ್‌ಮಾಸ್ತರ ಸಹಿ ಬೇಕು, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯೂ ಬೇಕು. ಅರ್ಜಿಯಲ್ಲೇ ಕೇಳಿಕೊಳ್ಳದೆ ಬಿಟ್ಟರೆ ಆಮೇಲೆ ಬಹಳ ಕಷ್ಟ. ನಾವು ಸುಮ್ನೆ ತುಂಬಿ ಬಂದಿದ್ದರೆ ಹುಡುಗಿಗೆ ಸಿಗಬೇಕಾದದ್ದು ಕೈಬಿಟ್ಟು ಹೋಗುತ್ತಿತ್ತು. ಅವತ್ತು ಅಕ್ಕ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ. ಬೇಕಾದ ಕಾಗದಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಟ್ಟರು, ಅಷ್ಟೇ.

ಎರಡನೇ ಸಲ ಹೋದಾಗ ನಾಡಕಚೇರಿಯ ಜಾತಿ-ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರನ್ನು ಎರಡು ಸಲ ಓದಿಸಿ ಹಾಕಿದರು. ಮಗಳ ಹೆಸರನ್ನು ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನ ಜೊತೆ ಅಕ್ಷರ ಅಕ್ಷರ ತಾಳೆ ನೋಡಿದರು. ಮೊಬೈಲ್ ನಂಬರ್ ನಮ್ಮದೇ ಹಾಕಿಸಿದರು. ಪಾಸ್‌ವರ್ಡ್ ಹಾಕುವಾಗ ಕೀಬೋರ್ಡನ್ನು ಮಗಳ ಕಡೆ ತಳ್ಳಿ, "ನೀನೇ ಹಾಕು ಪುಟ್ಟಿ, ಮನೆಗೆ ಹೋಗಿ ನೋಟ್‌ಬುಕ್ಕಲ್ಲಿ ಬರೆದಿಡು" ಅಂತ ಹೇಳಿ ಆ ಕಡೆ ತಿರುಗಿ ನಿಂತರು. ಇದು ಸಣ್ಣ ವಿಷಯ ಅಲ್ಲ. ನಮ್ಮ ಪಕ್ಕದ ಮನೆ ಹುಡುಗನಿಗೆ ಬೇರೆ ಊರಿನ ಒಂದು ಅಂಗಡಿಯಲ್ಲಿ ಅರ್ಜಿ ತುಂಬುವಾಗ ಅಂಗಡಿಯವರೇ ತಮ್ಮ ನಂಬರ್ ಹಾಕಿಬಿಟ್ಟಿದ್ದರು. ಮುಂದೆ ಪ್ರತಿ ಸಲ ಓಟಿಪಿ ಹೋಗಿದ್ದು ಅವರ ಫೋನಿಗೆ. ಆ ಹುಡುಗ ತನ್ನದೇ ಆಪ್ಷನ್ ನೋಡಬೇಕಾದರೂ ಬಸ್ ಹತ್ತಿ ಅವರ ಹತ್ತಿರ ಹೋಗಬೇಕಾಯಿತು.

ಈಗ ಆಪ್ಷನ್ ಎಂಟ್ರಿ ವಿಷಯಕ್ಕೆ ಬರುತ್ತೇನೆ. ಈ ಅಂಗಡಿಯನ್ನು ನಾನು ಹೊಗಳುತ್ತಿರುವುದು ಮುಖ್ಯವಾಗಿ ಇದಕ್ಕೇ.

ಮಗಳಿಗೆ ಸಿವಿಲ್ ಇಂಜಿನಿಯರಿಂಗ್ ಓದಬೇಕು ಅಂತ ಆಸೆ. ಮಳೆಗಾಲದಲ್ಲಿ ಘಾಟಿ ಕುಸಿದು ರಸ್ತೆ ಬಂದ್ ಆಗುವುದನ್ನು ಚಿಕ್ಕಂದಿನಿಂದ ನೋಡಿದವಳು. ನೆಂಟರು ಮಾತ್ರ ಒಬ್ಬೊಬ್ಬರೂ ಫೋನ್ ಮಾಡಿ, ಯಾವ ಕಾಲೇಜಾದರೂ ಸರಿ ಕಂಪ್ಯೂಟರ್ ಸೈನ್ಸ್ ಹಾಕಿಸಿ ಅಂತ ಹೇಳುತ್ತಿದ್ದರು. ಇವರಿಗೆ, ಅಂದರೆ ಅವಳ ಅಪ್ಪನಿಗೆ, ಮಗಳು ಶಿವಮೊಗ್ಗ ದಾಟಿ ಹೋಗುವುದು ಬೇಡ. ನಮ್ಮ ಕೈಯಲ್ಲಿದ್ದ ಪಟ್ಟಿಯಲ್ಲಿ ಮೂವರ ಮನಸ್ಸೂ ಕಲಸಿಹೋಗಿತ್ತು. ಅದರ ಮೇಲೆ ಹೋದ ವರ್ಷದ ಕಟ್‌ಆಫ್, ಅಂದರೆ ಯಾವ ಕಾಲೇಜಿನ ಸೀಟು ಎಷ್ಟನೇ ರ‍್ಯಾಂಕಿನವರೆಗೆ ಸಿಕ್ಕಿತ್ತು ಅಂತ ನೋಡಿ, ಸಿಗಬಹುದು ಅನ್ನಿಸಿದ ಕಾಲೇಜನ್ನು ಮೊದಲು ಬರೆದಿದ್ದೆವು.

ಅಕ್ಕ ಪಟ್ಟಿ ನೋಡಿ ಕಂಪ್ಯೂಟರ್ ಮುಟ್ಟಲಿಲ್ಲ. ಒಂದು ಹಾಳೆಯನ್ನು ಕತ್ತರಿಸಿ ಚೀಟಿ ಮಾಡಿದರು. ಒಂದೊಂದು ಚೀಟಿಯ ಮೇಲೆ ಒಂದು ಕಾಲೇಜು, ಒಂದು ಕೋರ್ಸ್. ಬೆಂಗಳೂರಿನ ಯುವಿಸಿಇ ಸಿವಿಲ್, ಮೈಸೂರಿನ ಎನ್ಐಇ ಸಿವಿಲ್, ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಸಿವಿಲ್, ಶಿವಮೊಗ್ಗದ ಜೆಎನ್ಎನ್‌ಸಿಇ ಸಿವಿಲ್, ಅಲ್ಲಿಯದೇ ಕಂಪ್ಯೂಟರ್ ಸೈನ್ಸ್, ಹೀಗೆ ಹದಿನೆಂಟು ಚೀಟಿ. ಕೌಂಟರ್ ಮೇಲೆ ಎರಡೆರಡು ಇಟ್ಟು ಮಗಳನ್ನು ಕೇಳುತ್ತಾ ಹೋದರು. "ಎರಡೂ ಸಿಕ್ಕಿತು ಅಂತ ಇಟ್ಕೋ. ಯಾವುದಕ್ಕೆ ಹೋಗ್ತೀಯ?" ಅವಳು ಹೇಳಿದ್ದು ಮೇಲೆ, ಇನ್ನೊಂದು ಕೆಳಗೆ. ನಾನು ಮಧ್ಯೆ ಬಾಯಿ ಹಾಕಿದಾಗ, "ನೀವು ಸ್ವಲ್ಪ ತಡೀರಿ, ಅವಳು ಹೇಳಲಿ" ಅಂದರು. ಸಿಟ್ಟಿನಿಂದ ಅಲ್ಲ, ಮೆತ್ತಗೇ ಹೇಳಿದರು.

ಯಾಕೆ ಹೀಗೆ ಅಂತಲೂ ಬಿಡಿಸಿ ಹೇಳಿದರು. ಸೀಟು ಹಂಚುವಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುತ್ತದೆ. ನಿಮ್ಮ ರ‍್ಯಾಂಕಿಗೆ ಮೊದಲು ಯಾವುದು ಸಿಗುತ್ತದೋ ಅಲ್ಲೇ ನಿಲ್ಲುತ್ತದೆ. ಅದರ ಕೆಳಗಿನದು ಎಷ್ಟೇ ಚೆನ್ನಾಗಿದ್ದರೂ ನಿಮಗೆ ಬರುವುದಿಲ್ಲ. ಸಿಗಲಾರದ್ದನ್ನು ಮೇಲೆ ಹಾಕಿದರೆ ನಷ್ಟ ಇಲ್ಲ, ಅದನ್ನು ದಾಟಿ ಕೆಳಗೆ ಬರುತ್ತದೆ. ಬೇಡದ್ದನ್ನು ಮೇಲೆ ಹಾಕಿದರೆ ಅದೇ ಗಟ್ಟಿ. ನಾವು ಮನೆಯಿಂದ ತಂದ ಪಟ್ಟಿಯಲ್ಲಿ ಜೆಎನ್ಎನ್‌ಸಿಇ ಎಲ್ಲಕ್ಕಿಂತ ಮೇಲಿತ್ತು. ಹಾಗೇ ಬಿಟ್ಟಿದ್ದರೆ ಹಾಸನದ ಹೆಸರು ಅವಳ ಪಾಲಿಗೆ ಬರುತ್ತಲೇ ಇರಲಿಲ್ಲ. ಆ ಶಿವಮೊಗ್ಗದ ಕಾಲೇಜು ಕಡಿಮೆ ಅಂತ ಅಲ್ಲ, 1980ರಿಂದ ಇದೆ, ನಮ್ಮ ಕಡೆಯ ಎಷ್ಟೋ ಮಕ್ಕಳು ಅಲ್ಲೇ ಓದಿದ್ದಾರೆ. ಅವಳ ಮನಸ್ಸಿನಲ್ಲಿ ಹಾಸನ ಮೇಲಿತ್ತು, ಅಷ್ಟೇ.

ಕಟ್‌ಆಫ್ ಹಾಳೆಯನ್ನು ಅಕ್ಕ ಕೊನೆಗೆ ತೆಗೆದರು. ಹಳ್ಳಿ ಮಕ್ಕಳ ಕಾಲಂ ಯಾವುದು, ಕನ್ನಡ ಮೀಡಿಯಂನದ್ದು ಯಾವುದು ಅಂತ ತೋರಿಸಿದರು. ಪಟ್ಟಿಯ ಬಾಲದಲ್ಲಿ ಖಂಡಿತ ಸಿಗುವಂಥದ್ದು ಮೂರು ನಾಲ್ಕಾದರೂ ಇದೆಯಾ ಅಂತ ನೋಡಲು ಮಾತ್ರ ಅದು ಬೇಕು ಅಂದರು. ಯಾವ ಕಾಲೇಜು ಒಳ್ಳೆಯದು ಅಂತ ಕೇಳಿದರೆ ಅಕ್ಕ ಹೇಳುವುದಿಲ್ಲ. ಮೊದಲು ನನಗೆ ಬೇಜಾರಾಗಿತ್ತು, ಈಗ ಅದೇ ಸರಿ ಅನ್ನಿಸುತ್ತದೆ.

ಅಣಕು ಹಂಚಿಕೆಯಲ್ಲಿ ಹಾಸನ ಬಂತು. ಅದು ನಿಜವಾದ ಸೀಟಲ್ಲ, ಅದನ್ನು ನೋಡಿಕೊಂಡು ಪಟ್ಟಿ ತಿದ್ದಲು ಅವಕಾಶ ಇರುತ್ತದೆ. ಮಗಳು ಎರಡು ಸಾಲು ಆಚೀಚೆ ಮಾಡಿದಳು. ಮೊದಲ ಸುತ್ತಿನಲ್ಲೂ ಹಾಸನದ ಸಿವಿಲ್ಲೇ ಬಂತು. ಆಮೇಲಿನ ನಾಲ್ಕು ಚಾಯ್ಸ್ ವಿಷಯದಲ್ಲೂ ಅಕ್ಕ ತಾಳ್ಮೆಯಿಂದ ಹೇಳಿಕೊಟ್ಟರು. 1 ಅಂದರೆ ಒಪ್ಪಿ ಸೇರುವುದು, 2 ಅಂದರೆ ಇದನ್ನು ಇಟ್ಟುಕೊಂಡು ಮೇಲಿನದಕ್ಕೆ ಕಾಯುವುದು, 3 ಅಂದರೆ ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, 4 ಅಂದರೆ ಪೂರ್ತಿ ಹೊರಗೆ ಬರುವುದು. ನಾವು 1 ಹಾಕಿದೆವು. ಅವತ್ತು ಸಂಜೆ ಇವರು ತೋಟದಿಂದ ಬಂದು ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ಹಾಸನಕ್ಕೆ ಎಷ್ಟು ಗಂಟೆಗೆ ಬಸ್ಸಿದೆ ಅಂತ ಕೇಳಿದರು.

ಕೊರತೆಯೂ ಇದೆ. ಕೂರಲು ಒಂದೇ ಬೆಂಚು, ಮಳೆ ಬಂದರೆ ಎಲ್ಲರೂ ಒಳಗೆ ನುಗ್ಗಬೇಕು. ಯುಪಿಎಸ್ ಹಳೆಯದು. ನಾವಿದ್ದಾಗಲೇ ಒಂದು ಸಲ ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆಯಿತು, ಹಾಕಿದ ಆರು ಆಪ್ಷನ್ ಮತ್ತೆ ಹಾಕಬೇಕಾಯಿತು. ಒಬ್ಬೊಬ್ಬರಿಗೆ ಗಂಟೆಗಟ್ಟಲೆ ಹಿಡಿಯುತ್ತದೆ, ಹಿಂದೆ ನಿಂತವರಿಗೆ ಕಾಯುವುದೇ ಕೆಲಸ. ಕೊನೇ ದಿನ ಮಾತ್ರ ಹೋಗಬೇಡಿ, ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ.

ಆಪ್ಷನ್ ಎಂಟ್ರಿಗೆ ನಮ್ಮಿಂದ ತೆಗೆದುಕೊಂಡಿದ್ದು 150 ರೂಪಾಯಿ. ತಿದ್ದಲು ಹೋದಾಗ ಪ್ರಿಂಟಿನ ದುಡ್ಡು ಮಾತ್ರ. ಜಾಸ್ತಿ ಕೊಡಲು ಹೋದೆ, ಅಕ್ಕ ತೆಗೆದುಕೊಳ್ಳಲಿಲ್ಲ. ಆಮೇಲೆ ಮನೆಯಲ್ಲಿ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಬಾಟಲಿ ಕೊಟ್ಟು ಬಂದೆ.

ಈ ವರ್ಷ ನಮ್ಮ ಭಾವನ ಮಗ ಸೆಕೆಂಡ್ ಪಿಯುಸಿ. ಅವನ ರೂರಲ್ ಸರ್ಟಿಫಿಕೇಟಿಗೆ ಹೆಡ್‌ಮಾಸ್ತರ ಸಹಿ ಆಗಿದೆ, ಬಿಇಒ ಸಹಿ ಬಾಕಿ. ಅದು ಆದ ಕೂಡಲೇ ಅವನನ್ನೂ ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ.