ಕೋರ್ಟಿನ ಮಧ್ಯಸ್ಥಿಕೆ ಕೇಂದ್ರದಲ್ಲಿ ನಮ್ಮ ತೋಟ ಭಾಗವಾಯಿತು: 5ಕ್ಕೆ 4 ಸ್ಟಾರ್

ಅಪ್ಪ ಬಿಟ್ಟುಹೋದ ಆಸ್ತಿಗಾಗಿ ನಾವು ನಾಲ್ಕು ಜನ ಮಕ್ಕಳು ಆರು ವರ್ಷ ಗುದ್ದಾಡಿದ್ದೇವೆ. ಎರಡು ಸಲ ಊರ ಹಿರಿಯರನ್ನು ಕೂರಿಸಿ ಪಂಚಾಯ್ತಿ ಆಯಿತು, ಲಾಯರ್ ನೋಟಿಸ್ ಆಯಿತು, ಆಮೇಲೆ ದಾವೆ. ಕೊನೆಗೆ ಬಗೆಹರಿದದ್ದು ನಮ್ಮ ಜಿಲ್ಲಾ ಕೋರ್ಟಿನ ಮಧ್ಯಸ್ಥಿಕೆ ಕೇಂದ್ರದಲ್ಲಿ, ಐದೇ ಸಿಟ್ಟಿಂಗಿನಲ್ಲಿ. ಅಲ್ಲಿಗೆ ಹೋಗೋದಾ ಬೇಡವಾ ಅಂತ ಯೋಚನೆ ಮಾಡ್ತಿರುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ನಮ್ಮ ಅನುಭವ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಇದ್ದ ಆಸ್ತಿ ಎರಡು. ತಾತನ ಕಾಲದ ತೆಂಗಿನ ತೋಟ, ಖರಾಬು ಬಿಟ್ಟು 3 ಎಕರೆ 12 ಗುಂಟೆ, ಒಂದೇ ಸರ್ವೆ ನಂಬರು, ಇಡೀ ತೋಟಕ್ಕೆ ಒಂದೇ ಬೋರ್‌ವೆಲ್. ಇನ್ನೊಂದು ಅಪ್ಪ ತಾಲ್ಲೂಕು ಕೇಂದ್ರದಲ್ಲಿ ಸ್ವಂತ ದುಡಿಮೆಯಿಂದ ಕಟ್ಟಿಸಿದ 30–40 ಸೈಟಿನ ಮನೆ. ವಿಲ್ ಬರೆದಿರಲಿಲ್ಲ. ಅವ್ವ ಅಪ್ಪನಿಗಿಂತ ಮೊದಲೇ ಹೋಗಿದ್ದರು. ಅಪ್ಪ ತೀರಿಕೊಂಡ ಮೇಲೆ ದೊಡ್ಡಣ್ಣ ಪೌತಿ ಖಾತೆ ಮಾಡಿಸಿ ಪಹಣಿಯಲ್ಲಿ ತನ್ನೊಬ್ಬನ ಹೆಸರು ಕೂರಿಸಿದ್ದ. ಕೊಟ್ಟಿದ್ದ ವಂಶವೃಕ್ಷದಲ್ಲಿ ಅಕ್ಕನ ಹೆಸರೂ ಇಲ್ಲ, ನನ್ನದೂ ಇಲ್ಲ. ಕೇಳಿದರೆ, ಮದುವೆಗೆ ಖರ್ಚು ಮಾಡಿ ಕಳಿಸಿದ್ದೇವಲ್ಲ, ಇನ್ನೇನು ಭಾಗ ಅಂದ.

ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಜಮೀನು ಅವರದಾಗುವುದಿಲ್ಲ. ಅದು ಕಂದಾಯದ ದಾಖಲೆ ಅಷ್ಟೇ. ಇದು ಗೊತ್ತಿಲ್ಲದೆ ಎಷ್ಟೋ ಜನ ಅಕ್ಕತಂಗಿಯರು ಅಲ್ಲಿಗೇ ಕೈಬಿಡುತ್ತಾರೆ. ನಮ್ಮ ಅಕ್ಕನ ವಿಷಯ ಇನ್ನೂ ಸಿಕ್ಕಾಗಿತ್ತು. ಅವಳ ಮದುವೆ 1992ರಲ್ಲಿ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ತಂದಿತ್ತು, ಆದರೆ ಅದಕ್ಕೆ ಮೊದಲು ಮದುವೆಯಾದವರಿಗೆ ಅದರಲ್ಲಿ ಜಾಗವಿರಲಿಲ್ಲ. ದೊಡ್ಡಣ್ಣನ ಕಡೆಯವರು ಅದನ್ನೇ ಹಿಡಿದುಕೊಂಡು ಕೂತರು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿದೆ. ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟ ಮಾಡಿತು: ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ಅಪ್ಪ ಬದುಕಿರಬೇಕು ಅಂತೇನೂ ಇಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆದ ಭಾಗ ಅಥವಾ ಕೋರ್ಟ್ ಡಿಕ್ರಿ ಇದ್ದರೆ ಮಾತ್ರ ಮಾತು ಬೇರೆ. ನಮ್ಮಲ್ಲಿ ಅದೇನೂ ಇರಲಿಲ್ಲ.

ದಾವೆ ಹಾಕುವುದಕ್ಕೆ ಲಕ್ಷಗಟ್ಟಲೆ ಬೇಕು ಅಂತ ಹೆದರಿಸಿದ್ದರು. ನಾವು ಜಂಟಿ ಸ್ವಾಧೀನದಲ್ಲಿದ್ದೇವೆ ಅಂತ ಹಾಕಿದ್ದರಿಂದ ಕೋರ್ಟ್ ಫೀ ಆದದ್ದು 200 ರೂಪಾಯಿ. ನಮ್ಮನ್ನು ಪೂರ್ತಿ ಹೊರಗೆ ಹಾಕಿದ್ದಾರೆ ಅಂತಾದರೆ ಪಾಲಿನ ಮಾರುಕಟ್ಟೆ ಬೆಲೆ ಮೇಲೆ ಲೆಕ್ಕ ಹಾಕುತ್ತಾರೆ, ಆಗ ಜಾಸ್ತಿ. ವಕೀಲರ ಫೀ ಬೇರೆ. ಹೆಂಗಸರಿಗೆ ವರಮಾನ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ ಅನ್ನೋದು ನನಗೆ ಆಗ ಗೊತ್ತಿರಲಿಲ್ಲ. 15100ಕ್ಕೆ ಫೋನ್ ಮಾಡಿ ಕೇಳಬಹುದು.

ಮೊದಲು ಹಿಡಿದ ವಕೀಲರ ಹತ್ತಿರ 14 ತಿಂಗಳು ಬರೀ ವಾಯಿದೆಯಲ್ಲೇ ಹೋಯಿತು. ಬೆಳಿಗ್ಗೆ ಆರರ ಬಸ್ಸಿಗೆ ಹೊರಟು, ಮಧ್ಯಾಹ್ನದವರೆಗೆ ಕಾದು, ಮುಂದಿನ ತಾರೀಕು ಬರೆದುಕೊಂಡು ವಾಪಸ್ಸು. ಎರಡನೆಯವರು ಒಂದು ಮಾತು ನೇರವಾಗಿ ಹೇಳಿದರು. "ನೋಡಮ್ಮ, ಕೇಸು ಗೆಲ್ತೀರ. ಗೆದ್ದರೆ ಸಿಗೋದು ಪ್ರಿಲಿಮಿನರಿ ಡಿಕ್ರಿ. ನಾಲ್ಕರಲ್ಲಿ ಒಂದು ಪಾಲು ನಿಮ್ಮದು ಅಂತ ಅದರಲ್ಲಿ ಇರುತ್ತೆ. ಯಾವ ನಾಲ್ಕನೇ ಒಂದು ಅಂತ ಇರಲ್ಲ." ಅದಕ್ಕೆ ಅಂತಿಮ ಡಿಕ್ರಿಯ ಹಂತ ನಡೆಯಬೇಕು, ಅಳತೆ ಆಗಬೇಕು, ಅದಕ್ಕೆ ತಕರಾರು ಬರುತ್ತದೆ, ಮೇಲಿನ ಕೋರ್ಟಿಗೆ ಅಪೀಲು. ಹಾಗಾಗಿ ಅವರೇ ಜಡ್ಜ್ ಮುಂದೆ ಮೆಮೊ ಹಾಕಿ ಮಧ್ಯಸ್ಥಿಕೆಗೆ ಕಳಿಸಿ ಅಂತ ಕೇಳಿದರು. ಬೆಂಗಳೂರಿನಲ್ಲಿ ಈ ವ್ಯವಸ್ಥೆ 2007ರಿಂದ ಇದೆ. ಜಿಲ್ಲೆಗಳ ಕೋರ್ಟುಗಳಲ್ಲೂ ಇದೆ ಅಂತ ಜನರಿಗೆ ಅಷ್ಟಾಗಿ ಗೊತ್ತಿಲ್ಲ.

ನಮಗೆ ಸಿಕ್ಕ ಮೀಡಿಯೇಟರ್ ಹಿರಿಯ ವಕೀಲೆ. ಅವರಿಗೆ ನಾವು ಒಂದು ಪೈಸೆ ಕೊಡಬೇಕಾಗಿರಲಿಲ್ಲ. ಮೊದಲ ದಿನ ಎಲ್ಲರೂ ಕೂಗಾಡಿದೆವು, ಅವರು ಸುಮ್ನೆ ಕೇಳಿಸಿಕೊಂಡರು. ಎರಡನೇ ಸಲ ಒಬ್ಬೊಬ್ಬರನ್ನೇ ಒಳಗೆ ಕರೆದು ಮಾತಾಡಿಸಿದರು. ದೊಡ್ಡಣ್ಣನ ನೋವು ಏನು ಅಂತ ಹೊರಗೆ ಬಂದದ್ದೇ ಅಲ್ಲಿ. ಬೋರ್ ಕೊರೆಸಿ ಮೋಟಾರ್ ಇಳಿಸಿದ ಸಾಲ 2,40,000 ರೂಪಾಯಿ ಅವನೊಬ್ಬನೇ ತೀರಿಸಿದ್ದ. ನಾವು ಮೂವರೂ ಅದರ ಬಗ್ಗೆ ಒಂದು ದಿನವೂ ಮಾತೆತ್ತಿರಲಿಲ್ಲ. ಅವನ ಒಪ್ಪಿಗೆ ಪಡೆದು ಮೇಡಂ ಅದನ್ನು ನಮ್ಮ ಮುಂದೆ ಇಟ್ಟಾಗ ಚಿಕ್ಕಣ್ಣ ಕೂಡಲೇ, ತಲಾ 60,000 ಕೊಡೋಣ, ಅದು ನ್ಯಾಯ ಅಂದ. ಅಲ್ಲಿಂದ ದೊಡ್ಡಣ್ಣನ ದನಿ ಇಳಿಯಿತು.

ಮೂರನೇ ಸಿಟ್ಟಿಂಗ್ ನಾನು ಮರೆಯೋದಿಲ್ಲ. ಮೇಡಂ ಒಂದು ದೊಡ್ಡ ಬಿಳಿ ಹಾಳೆ ಮೇಜಿನ ಮೇಲೆ ಹಾಸಿ, "ಯಜಮಾನ್ರೇ, ತೋಟ ಬರೀರಿ. ಬೋರ್ ಎಲ್ಲಿದೆ, ದಾರಿ ಎಲ್ಲಿದೆ, ಗುರುತು ಹಾಕಿ" ಅಂತ ದೊಡ್ಡಣ್ಣನ ಕೈಗೆ ಪೆನ್ನು ಕೊಟ್ಟರು. ಅವನು ಬದು ಎಳೆದ, ತೆಂಗಿನ ಸಾಲು ಎಳೆದ, ಸ್ಟಾರ್ಟರ್ ಬಾಕ್ಸ್ ಇರುವ ಕಂಬಕ್ಕೊಂದು ಚೌಕ ಹಾಕಿದ. ಮೂಲೆಯಲ್ಲಿ ಒಂದು ಸುತ್ತು ಬರೆದು "ಅವ್ವನ ಹಲಸು" ಅಂದ. ಅಕ್ಕ ಎದ್ದು ಹೋಗಿ, "ಅಲ್ಲ ಕಣೋ, ಹಲಸು ಬದುವಿನ ಈಚೆಗಿದೆ" ಅಂತ ಅವನ ಕೈಯಿಂದಲೇ ಪೆನ್ನು ತಗೊಂಡು ತಿದ್ದಿದಳು. ಆರು ವರ್ಷದಲ್ಲಿ ಅವರಿಬ್ಬರು ಅಷ್ಟು ಹತ್ತಿರ ನಿಂತದ್ದನ್ನು ನಾನು ನೋಡಿದ್ದು ಅವತ್ತೇ.

ಭಾಗ ನಡೆದದ್ದು ಆ ಹಾಳೆಯ ಮೇಲೆ. ಒಟ್ಟು 132 ಗುಂಟೆ. ಹಿಂದಿನ ಎರಡು ಭಾಗಕ್ಕೆ ಗಾಡಿ ಹೋಗಬೇಕಲ್ಲ, ಅದಕ್ಕೆ 10 ಅಡಿ ಅಗಲದ ದಾರಿ ಎಲ್ಲರ ಲೆಕ್ಕದಲ್ಲಿ ತೆಗೆದೆವು. ಅದಕ್ಕೆ 4 ಗುಂಟೆ ಹೋಯಿತು, ಉಳಿದ 128ರಲ್ಲಿ ತಲಾ 32. ಬೋರ್‌ವೆಲ್ ಯಾರ ಪಾಲಿಗೂ ಹೋಗಲಿಲ್ಲ, ನಾಲ್ವರ ಜಂಟಿ. ಸರದಿ ಪ್ರಕಾರ ಒಬ್ಬರಿಗೆ ಒಂದು ದಿನ ನೀರು. ಕರೆಂಟು ಹೋಗಿ ಸರದಿ ತಪ್ಪಿದರೆ ಮಾರನೇ ದಿನ ಅವರಿಗೇ, ರಿಪೇರಿ ಖರ್ಚು ನಾಲ್ಕು ಪಾಲು, ಬೋರ್ ಬತ್ತಿದರೆ ಹೊಸದನ್ನು ಅವರವರ ಜಾಗದಲ್ಲಿ ಅವರವರ ಖರ್ಚಿನಲ್ಲಿ. ಇಷ್ಟೂ ಒಪ್ಪಂದದಲ್ಲಿ ಬರೆಸಿದೆವು. ಜಡ್ಜ್ ತೀರ್ಪಿನಲ್ಲಿ ಇಷ್ಟು ಸಣ್ಣ ಸಣ್ಣ ವಿಷಯ ಬರುತ್ತಿತ್ತು ಅಂತ ನನಗನ್ನಿಸುವುದಿಲ್ಲ.

ಮನೆಯನ್ನು ನಾಲ್ಕು ಮಾಡಲು ಆಗಲ್ಲ. ಇಂಥ ಆಸ್ತಿಗೆ 1893ರ ಪಾರ್ಟಿಷನ್ ಆಕ್ಟ್ ಇದೆ, ಅರ್ಧ ಅಥವಾ ಜಾಸ್ತಿ ಪಾಲಿನವರು ಕೇಳಿದರೆ ಕೋರ್ಟ್ ಮಾರಿಸಿ ಹಣ ಹಂಚಬಹುದು, ಉಳಿದ ಪಾಲುದಾರರು ಬೆಲೆ ಕಟ್ಟಿಸಿ ತಾವೇ ಕೊಳ್ಳುತ್ತೇವೆ ಅಂತಲೂ ಕೇಳಬಹುದು. ಹರಾಜು ಯಾರಿಗೂ ಬೇಡವಾಗಿತ್ತು. ಅಲ್ಲಿ ವಾಸ ಇದ್ದವನು ಚಿಕ್ಕಣ್ಣ. ವ್ಯಾಲ್ಯುಯರ್ 48 ಲಕ್ಷ ಅಂದರು, ಅವನು ಸಾಲ ಮಾಡಿ ಮೂವರಿಗೆ ತಲಾ 12 ಲಕ್ಷ, ಮೂರು ಕಂತಿನಲ್ಲಿ.

ಇನ್ನು ಒಂದು ಸ್ಟಾರ್ ಕಳೆದದ್ದು ಯಾಕೆ ಅಂದರೆ, ಆ ಕೊಠಡಿಗಳ ಮಧ್ಯೆ ಇರುವುದು ಪ್ಲೈವುಡ್ ಗೋಡೆ. ಇಲ್ಲಿ ಆಡಿದ ಮಾತು ಗುಟ್ಟಾಗಿರುತ್ತೆ ಅಂತ ಮೊದಲೇ ಹೇಳುತ್ತಾರೆ, ಆದರೆ ಪಕ್ಕದ ಕೊಠಡಿಯ ಗಂಡ ಹೆಂಡಿರ ಜಗಳ ನಮಗೆ ಪೂರ್ತಿ ಕೇಳುತ್ತಿತ್ತು. ನಮ್ಮದೂ ಅವರಿಗೆ ಕೇಳಿರುತ್ತೆ. ಎದೆಯ ಮಾತು ಆಡುವ ಜಾಗಕ್ಕೆ ಒಂದು ಗಟ್ಟಿ ಗೋಡೆಯಾದರೂ ಬೇಕು. ಎರಡನೆಯದು ಇದಕ್ಕಿಂತ ದೊಡ್ಡದು. ಒಪ್ಪಂದ ಟೈಪ್ ಆಗಿ ಬಂದಾಗ ಅಕ್ಕನ ಪಾಲಿನ ಚೆಕ್ಕುಬಂದಿಯಲ್ಲಿ (ನಾಲ್ಕೂ ದಿಕ್ಕಿನ ಎಲ್ಲೆಯ ವಿವರ) ಪೂರ್ವ ಪಶ್ಚಿಮ ಅದಲು ಬದಲಾಗಿತ್ತು. ಸಹಿ ಹಾಕುವ ಮೊದಲು ಬೆರಳಿಟ್ಟು ಓದಿದ ಅತ್ತಿಗೆಯ ಕಣ್ಣಿಗೆ ಬಿತ್ತು. ಇಲ್ಲದಿದ್ದರೆ ತಿದ್ದುಪಡಿಗೆ ಮತ್ತೆ ಕೋರ್ಟಿಗೆ ಅಲೆಯಬೇಕಿತ್ತು. ಷೆಡ್ಯೂಲ್, ಅಂದರೆ ಒಪ್ಪಂದದಲ್ಲಿರುವ ಆಸ್ತಿ ವಿವರದ ಪಟ್ಟಿಯನ್ನು ಒಬ್ಬರು ಜೋರಾಗಿ ಓದಿ, ಉಳಿದವರು ನಕ್ಷೆ ನೋಡಿ. ಇದನ್ನು ವಕೀಲರಿಗೆ ಬಿಡಬೇಡಿ.

ಒಪ್ಪಂದ ಕೋರ್ಟಿಗೆ ಹೋಗಿ ಅದರ ಪ್ರಕಾರ ಡಿಕ್ರಿ ಆಯಿತು. ಒಪ್ಪಿ ಆದ ಡಿಕ್ರಿ, ಅದರ ಮೇಲೆ ಅಪೀಲು ಇಲ್ಲ. ಡಿಕ್ರಿಯನ್ನು ಸ್ಟಾಂಪ್ ಪೇಪರಿನ ಮೇಲೆ ಬರೆಸಿಕೊಳ್ಳಬೇಕು, ಅದರ ಖರ್ಚು ಇಟ್ಟುಕೊಂಡಿರಿ. ಆಮೇಲೆ ಸರ್ವೆ ಕೆಲಸದಲ್ಲಿ ನಾಲ್ಕು ತಿಂಗಳು ಹೋಯಿತು. 11ಇ ನಕ್ಷೆಗೆ (ಜಮೀನು ಭಾಗ ಮಾಡಲು ಸರ್ವೆಯವರು ಅಳೆದು ಕೊಡುವ ನಕ್ಷೆ) ಮೊದಲೇ ಅರ್ಜಿ ಹಾಕಿ ಅಳತೆ ಮಾಡಿಸಿಕೊಂಡಿದ್ದರೆ ಆ ಸಮಯ ಉಳಿಯುತ್ತಿತ್ತು, ಯಾಕೆಂದರೆ ಕೈಯಲ್ಲಿ ಬರೆದ ಹಾಳೆಗೂ ಸರ್ವೆಯರ್ ಅಳತೆಗೂ ಒಂದು ಬದುವಿನ ಹತ್ತಿರ ಅರ್ಧ ಗುಂಟೆ ವ್ಯತ್ಯಾಸ ಬಂತು. ದೊಡ್ಡಣ್ಣ, ಇರಲಿ ಬಿಡು, ಅಕ್ಕನ ಕಡೆಗೇ ಹಾಕಿ ಅಂದ.

ಕಳೆದ ತಿಂಗಳು ನನ್ನ ಹೆಸರಿನ ಪಹಣಿ ಬಂತು, 32 ಗುಂಟೆ, ಹೊಸ ಹಿಸ್ಸಾ ನಂಬರು. ನೀರಿನ ಸರದಿಯ ಪಟ್ಟಿಯನ್ನು ದೊಡ್ಡಣ್ಣನೇ ಸ್ಟಾರ್ಟರ್ ಬಾಕ್ಸ್ ಬಾಗಿಲ ಒಳಗೆ ಅಂಟಿಸಿದ್ದಾನೆ. ಬಾಕ್ಸಿನ ಬೀಗಕ್ಕೆ ನಾಲ್ಕು ಕೀ ಮಾಡಿಸಿದ್ದೇವೆ.